ಏಳನೇ ಸ್ಥಾನದ ಹಾಲ್ವರ್ಸನ್

ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನ ಕೃಷ್ಣಮೂರ್ತಿಗಳ ಕೈಗೆ ಏನೇ ಕೊಡಿ, ಮೊದಲು ಅದನ್ನು ತಲೆಕೆಳಗು ಮಾಡಿ ತಳ ನೋಡುತ್ತಾರೆ. ಕಾಫಿ ಲೋಟ ಕೊಟ್ಟರೂ ಅಷ್ಟೇ. ಅದಕ್ಕೇ ಪರಿಚಯದವರ ಮನೆಗಳಲ್ಲಿ ಅವರಿಗೆ ಲೋಟದ ತುಂಬ ಕಾಫಿ ಕೊಡುವುದಿಲ್ಲ. ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿಕೊಂಡದ್ದು. ಊರಂಚಿನ ದೊಡ್ಡ ವೇರ್‌ಹೌಸೊಂದರಲ್ಲಿ, ಗಿರಾಕಿಗಳು ಬೇಡವೆಂದು ವಾಪಸು ಕಳಿಸಿದ ಸಾಮಾನನ್ನು ಪರೀಕ್ಷಿಸುವುದು ಅವರ ಕೆಲಸ. ಡಬ್ಬ ತೆರೆಯದೇ ಬಂದದ್ದು ಎ ಗ್ರೇಡ್, ಗೀರು ಬಿದ್ದದ್ದು ಬಿ, ಒಮ್ಮೆ ಬಿಚ್ಚಿ ರಿಪೇರಿ ಮಾಡಿದ್ದು ಸಿ, ಉಳಿದದ್ದೆಲ್ಲ ಗುಜರಿ.

ಈ ಅಭ್ಯಾಸ ವೇರ್‌ಹೌಸಿನ ಗೇಟಿನಲ್ಲೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅವರು ಮದುವೆಮನೆಯ ಸಾರಿಗೂ ಗ್ರೇಡು ಕೊಡುತ್ತಿದ್ದರು, ಪುರೋಹಿತರ ಮಂತ್ರಕ್ಕೂ ಕೊಡುತ್ತಿದ್ದರು. ಹೆಂಡತಿ ಮಂಜರಿ ಒಮ್ಮೆ ರೇಗಿ, "ನನ್ನನ್ನ ಯಾವ ಗ್ರೇಡಿಗೆ ಹಾಕಿದೀರಿ ಹೇಳಿಬಿಡಿ" ಎಂದು ಕೇಳಿದ್ದರು. "ವಾಪಸ್ ಬಂದಿದ್ದಕ್ಕೆ ಮಾತ್ರ ಗ್ರೇಡು ಕಣೇ. ನಿನ್ನನ್ನ ವಾಪಸ್ ಕಳಿಸೋ ಯೋಚನೆ ನಂಗೆ ಯಾವತ್ತೂ ಬಂದಿಲ್ಲ" ಎಂದು ಕೃಷ್ಣಮೂರ್ತಿಗಳು ತಪ್ಪಿಸಿಕೊಂಡಿದ್ದರು. ಮಂಜರಿ ತೀರಿಕೊಂಡು ಕೆಲವು ವರ್ಷಗಳಾದವು. ಆ ಮಾತನ್ನು ಆಗ ತಮಾಷೆಗೆ ಹೇಳಿದ್ದು, ಈಗ ಯಾರ ಮುಂದೆಯೂ ಅದನ್ನು ಅವರು ಹೇಳುವುದಿಲ್ಲ.

ಅವರು ಗ್ರೇಡು ಕೊಡದೆ ಬಿಟ್ಟದ್ದು ಒಂದೇ ಒಂದು, ಅಮೆರಿಕದ ಫುಟ್‌ಬಾಲು. ಅದನ್ನು ಅವರು ಆಟವೆಂದೇ ಒಪ್ಪುತ್ತಿರಲಿಲ್ಲ. ಹೆಲ್ಮೆಟ್ ತೊಟ್ಟ ಟಗರುಗಳ ಕಾಳಗ ಎನ್ನುತ್ತಿದ್ದರು. ಒಬ್ಬಳೇ ಮಗಳು ಇಶಾಗೆ ಆ ಕಾಳಗವೆಂದರೆ ಪ್ರಾಣ. ಭಾನುವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಒಬ್ಬಳೇ ಕುಳಿತು ಶಿಕಾಗೋದ ಬೇರ್ಸ್ ತಂಡ ಸೋಲುವುದನ್ನು ನೋಡಿ, ಕಣ್ಣು ಕೆಂಪು ಮಾಡಿಕೊಂಡು ಮೇಲೆ ಬರುತ್ತಿದ್ದಳು. ಕಾಲೇಜಿಗೆ ಹೋದ ಮೇಲೆ ಅಲ್ಲಿನ ತಂಡಕ್ಕೆ ಅಂಕಿಅಂಶ ಬರೆದುಕೊಡುವ ಕೆಲಸವನ್ನೂ ಹಿಡಿದಳು. ಅಪ್ಪ ಒಮ್ಮೆಯೂ ಪಕ್ಕದಲ್ಲಿ ಕೂರಲಿಲ್ಲ. ಮೆಟ್ಟಿಲ ಮೇಲಿನಿಂದಲೇ "ಓದೋದು ಮುಗೀತಾ?" ಎಂದು ಕೂಗುತ್ತಿದ್ದರು, ಅಷ್ಟೇ.

ಇಂಥ ಮನುಷ್ಯ ಅರವತ್ತೊಂದನೇ ವಯಸ್ಸಿನಲ್ಲಿ ಕಾಲೇಜು ಹುಡುಗರ ತೊಡೆ, ಭುಜ, ಓಟಗಳನ್ನು ಅಳೆಯುತ್ತ ಕೂರುವಂತಾದದ್ದಕ್ಕೆ ಕಾರಣ ಒಂದು ಸೀಮಂತ.

ಇಶಾಳನ್ನು ಕೊಟ್ಟಿದ್ದು ಡೆಟ್ರಾಯಿಟಿನ ಪಕ್ಕದ ನೋವೈಗೆ. ಅಳಿಯ ಕಲ್ಮೇಶ ಸಂಭಾವಿತ. ಮಾತು ಕಡಿಮೆ, ನಗು ಜಾಸ್ತಿ. ಅವನ ಅಪ್ಪ ಅಮ್ಮ ಧಾರವಾಡದ ಕಡೆಯವರು, ಅದೇ ಬಡಾವಣೆಯಲ್ಲಿ ಎರಡು ಬೀದಿ ಆಚೆಗಿದ್ದಾರೆ. ಅಪ್ಪ ದೇವೇಂದ್ರಪ್ಪ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು, ಡೆಟ್ರಾಯಿಟಿನ ಲಯನ್ಸ್ ತಂಡ ಗೆಲ್ಲಲು ಶುರುಮಾಡಿದ ಮೇಲೆ ಅದರ ಭಕ್ತರಾದವರು. ಅಮ್ಮ ಗುರುದೇವಿ ಆ ಮನೆಯ ಸುಪ್ರೀಂ ಕೋರ್ಟು.

ಬೀಗರ ಮನೆಯಲ್ಲಿ ನಡೆದ ಏಳನೇ ತಿಂಗಳ ಸೀಮಂತಕ್ಕೆ ಕೃಷ್ಣಮೂರ್ತಿಗಳು ನೋವೈಗೆ ಹೋದದ್ದು ಸುಮ್ಮನೆ ಉಂಡು ಬರುವುದಕ್ಕಲ್ಲ. ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಬರುವುದು ಪದ್ಧತಿ. ಚೊಚ್ಚಲ ಬಾಣಂತನ ತವರಿನದು. ಕಾರಿನ ಹಿಂದಿನ ಸೀಟಿಗೆ ಹೊಸ ದಿಂಬು, ಮಂಜರಿಯ ಹಳೆಯ ಕೌದಿ ಎಲ್ಲ ಹಾಸಿಕೊಂಡು ಹೋಗಿದ್ದರು. ಊಟವಾದ ಮೇಲೆ ವಿಷಯ ಎತ್ತಿದರು.

ಗುರುದೇವಿ ಎಲೆ ಅಡಿಕೆ ಕೊಡುತ್ತ ನೇರವಾಗಿ ಕೇಳಿದರು. "ಬೀಗರ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಹೆಣ್ಮಕ್ಕಳು ಯಾರದಾರ ಹೇಳ್ರಿ? ಬಾಣಂತಿಗೆ ಎಣ್ಣಿ ಹಚ್ಚಿ ನೀರು ಹಾಕೋರ್ಯಾರು? ಖಾರ ಮಾಡಿ ಕೊಡೋರ್ಯಾರು? ನಿಮ್ಮ ಗೋದಾಮಿನ್ಯಾಗ ಡಬ್ಬಿ ಎತ್ತೂ ಫೋರ್ಕ್‌ಲಿಫ್ಟೇನು?"

ಸುತ್ತ ಕೂತವರು ನಕ್ಕರು. ಕೃಷ್ಣಮೂರ್ತಿಗಳೂ ನಕ್ಕರು. ನಗದಿದ್ದರೆ ಅಳುವ ಪರಿಸ್ಥಿತಿಯಿತ್ತು. "ನಾನು ಮಾಡ್ತೀನಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಡಸು ಬಾಣಂತನ ಮಾಡುತ್ತೇನೆಂದರೆ ಇವರು ಇನ್ನೂ ಒಂದು ಸುತ್ತು ನಗುತ್ತಾರೆಂದು ನುಂಗಿಕೊಂಡರು. ಮಗಳ ಮುಖ ನೋಡಿದರು. ಅವಳು ಯಾರೋ ಆಂಟಿ ಮುಡಿಸುತ್ತಿದ್ದ ಹೂವಿಗೆ ತಲೆ ತಗ್ಗಿಸಿ ಕೂತಿದ್ದಳು, ಮುಖ ಕಾಣಲಿಲ್ಲ.

ಗಂಡಸರೆಲ್ಲ ಬೇಸ್‌ಮೆಂಟಿಗೆ ಇಳಿದರು. ಅಲ್ಲಿ ಗೋಡೆಯಗಲದ ಟೀವಿಯಲ್ಲಿ ಕೋಟು ಹಾಕಿದ ಕೆಲವರು ಮೈಮೇಲೆ ಬಂದವರ ಹಾಗೆ ಕೂಗಾಡುತ್ತಿದ್ದರು. ಏನೆಂದು ಕೇಳಿದ್ದಕ್ಕೆ ದೇವೇಂದ್ರಪ್ಪ ಪಾಠ ಶುರುಮಾಡಿದರು. ಏಪ್ರಿಲ್ ಕೊನೆಗೆ ಡ್ರಾಫ್ಟ್ ನಡೆಯುತ್ತದೆ. ದೊಡ್ಡ ತಂಡಗಳು ಸರದಿಯಂತೆ ಒಬ್ಬೊಬ್ಬ ಕಾಲೇಜು ಆಟಗಾರನನ್ನು ಆರಿಸಿಕೊಳ್ಳುತ್ತವೆ, ಅದಕ್ಕೆ ಪಿಕ್ ಎನ್ನುತ್ತಾರೆ. ಆರಿಸಿದವನನ್ನು ವೇದಿಕೆಗೆ ಕರೆದು ತಂಡದ ಟೋಪಿ ಹಾಕುತ್ತಾರೆ. ಯಾವ ಹುಡುಗ ಎಷ್ಟನೆಯವನಾಗಿ ಹೋಗುತ್ತಾನೆಂದು ಮೊದಲೇ ಸ್ಥಾನ ಕಟ್ಟಿ ಹೇಳುವುದು ದೇಶಕ್ಕೆ ದೇಶವೇ ಆಡುವ ಇನ್ನೊಂದು ಆಟ.

"ಇದಕ್ಕ ಕಣ್ಣು ಬೇಕ್ರೀ ಬೀಗರ. ಸುಮ್ಮನ ಎಲ್ಲಾರಿಗೂ ಬರೂದಲ್ಲ ಇದು" ಎಂದರು ದೇವೇಂದ್ರಪ್ಪ.

ಬೇರೆ ದಿನವಾಗಿದ್ದರೆ ಕೃಷ್ಣಮೂರ್ತಿಗಳು ಹೌದೌದು ಎನ್ನುತ್ತಿದ್ದರು. ಆದರೆ ಮೇಲಿನ ಮನೆಯಲ್ಲಿ ಆಗಷ್ಟೇ ಪೆಟ್ಟು ತಿಂದಿದ್ದರು, ಮೈಯೆಲ್ಲ ಉರಿಯುತ್ತಿತ್ತು. "ನಾನು ಮೂವತ್ತು ವರ್ಷದಿಂದ ಮಾಡ್ತಿರೋ ಕೆಲಸವೇ ಇದು. ನಿಮ್ಮ ಹುಡುಗರಿಗೆ ಗ್ರೇಡ್ ಹಾಕೋದು ಏನ್ ಮಹಾ?" ಎಂದುಬಿಟ್ಟರು.

ಮಾತಿಗೆ ಮಾತು ಬೆಳೆಯಿತು. ಮೊದಲ ಹತ್ತು ಸ್ಥಾನಗಳನ್ನು ಇಬ್ಬರೂ ಹೇಳಬೇಕು, ಸರಿಯಾದ ಸ್ಥಾನ ಹೇಳಿದ್ದಕ್ಕೆ ಒಂದೊಂದು ಅಂಕ, ಸೋತವರು ಗೆದ್ದವರ ತಂಡದ ಜೆರ್ಸಿ ತೊಟ್ಟು ಫೋಟೋ ತೆಗೆಸಿಕೊಳ್ಳಬೇಕು. ಇಷ್ಟರಲ್ಲೇ ನಿಂತಿದ್ದರೆ ಅದೊಂದು ಹುಡುಗಾಟ. ಕೃಷ್ಣಮೂರ್ತಿಗಳು ಸುತ್ತ ನೋಡಿ, ದನಿ ತಗ್ಗಿಸಿ, "ಗೆದ್ದೋರ ಮನೇಲಿ ಬಾಣಂತನ" ಎಂದರು. ದೇವೇಂದ್ರಪ್ಪ ಮೇಲಿನ ಮೆಟ್ಟಿಲಿನ ಕಡೆ ಒಮ್ಮೆ ನೋಡಿದರು. ಗುರುದೇವಿ ಕಾಣಲಿಲ್ಲ. "ಆತು" ಎಂದು ಕೈ ಚಾಚಿದರು.

ಬಸುರಿ ಮಗಳನ್ನು ಪಣಕ್ಕಿಟ್ಟ ಈ ಇಬ್ಬರು ಹಿರಿಯರಿಗೆ ತಾವು ಮಾಡಿದ್ದು ಎಂಥ ಕೆಲಸವೆಂದು ಹೊಳೆಯಲೇ ಇಲ್ಲ. ಇಬ್ಬರೂ ಮೀಸೆ ಸವರಿಕೊಂಡು ಮೇಲೆ ಬಂದು ಇನ್ನೊಂದು ಸುತ್ತು ಪಾಯಸ ಕುಡಿದರು.

ಬೋಲಿಂಗ್‌ಬ್ರೂಕಿಗೆ ಒಬ್ಬರೇ ವಾಪಸು ಬಂದ ಕೃಷ್ಣಮೂರ್ತಿಗಳು ಎರಡು ಕೆಲಸ ಶುರುಮಾಡಿದರು. ಮೊದಲನೆಯದು, ಶಿಕಾಗೋದಲ್ಲಿ ಭಾರತೀಯ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿ ತಿನ್ನುವ ಅಂಟು, ಒಣಕೊಬ್ಬರಿ, ಉತ್ತುತ್ತೆ, ಓಮ, ಕರಿಮೆಣಸು, ಹಿಪ್ಪಲಿ ತಂದು ಬಾಣಂತಿಯ ಅಡುಗೆ ಕಲಿಯುವುದು. ಮಂಜರಿಯ ಕುಟ್ಟಾಣಿಯನ್ನು ಕಪಾಟಿನಿಂದ ಇಳಿಸಿದರು. ಮೊದಲ ಸಲದ ಅಂಟಿನುಂಡೆ ಕಲ್ಲಾಯಿತು, ಎರಡನೆಯದು ಪುಡಿಯಾಯಿತು, ಮೂರನೆಯದರ ಹೊಗೆಗೆ ಸ್ಮೋಕ್ ಅಲಾರಂ ಕೂಗಿ ಪಕ್ಕದ ಮನೆಯವರು ಅಂಗಳಕ್ಕೆ ಬಂದರು. ಪ್ರತಿಯೊಂದಕ್ಕೂ ತಾವೇ ಗುಜರಿ ಎಂದು ಗ್ರೇಡು ಹಾಕಿ, ಮತ್ತೆ ಬಾಣಲೆ ಇಡುತ್ತಿದ್ದರು.

ಎರಡನೆಯದು ಹುಡುಗರ ಗ್ರೇಡಿಂಗು. ವೀಡಿಯೋಗಳನ್ನು ನೋಡಿದರು. ಒಂದೂ ಅರ್ಥವಾಗಲಿಲ್ಲ. ವೇರ್‌ಹೌಸಿನಲ್ಲಾದರೆ ಮಾಲು ಮೇಜಿನ ಮೇಲೆ ಸುಮ್ಮನಿರುತ್ತದೆ. ಇಲ್ಲಿ ಇಪ್ಪತ್ತೆರಡು ಮಾಲುಗಳು ಒಂದರ ಮೇಲೊಂದು ಬಿದ್ದು ಉರುಳಾಡುತ್ತವೆ. ತಳ ನೋಡುವುದು ಹೇಗೆ? ಕೊನೆಗೆ, ಇದೆಲ್ಲ ತಿಳಿದ ಮನುಷ್ಯರು ತಮಗೆ ಪರಿಚಯವಿರುವುದು ಒಬ್ಬರೇ ಎಂಬುದು ನೆನಪಾಯಿತು. ಮಗಳಿಗೆ ಫೋನು ಮಾಡಿದರು.

"ಆಫೀಸಲ್ಲಿ ಹುಡುಗರು ಏನೋ ಪಂತದ ಪೂಲ್ ಮಾಡಿದಾರಮ್ಮ, ಡ್ರಾಫ್ಟಿಂದು. ನಂಗೂ ಸೇರಿ ಅಂದ್ರು" ಎಂದು ಸುಳ್ಳು ಹೇಳಿದರು.

ಆ ಕಡೆ ಟೀವಿ ಆರಿಸಿದ ಸದ್ದಾಯಿತು. ಆಮೇಲೆ ಇಶಾ, "ರಿಯಲಿ, ಅಪ್ಪಾ? ನೀನು? ಫುಟ್‌ಬಾಲ್?" ಎಂದಳು.

"ನಾನೇ. ಯಾಕೆ, ಬಾರದಾ?"

"ಓಕೆ, ಓಕೆ. ಪೆನ್ ತಗೋ."

ಅಲ್ಲಿಂದ ದಿನಾ ಸಂಜೆ ಪಾಠ. ಕೃಷ್ಣಮೂರ್ತಿಗಳು ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಟ್ಟುಕೊಂಡು, ಮೆಣಸು ಕುಟ್ಟುತ್ತ ಕೇಳುತ್ತಿದ್ದರು. ಎಸೆಯುವವನು ಯಾರು, ಅವನಿಗೆ ಅಡ್ಡ ನಿಂತು ಕಾಪಾಡುವ ದಢೂತಿ ಯಾರು, ಓಡಿ ಹಿಡಿಯುವವನು ಯಾರು, ಎಲ್ಲ ಒಂದೊಂದಾಗಿ ತಲೆಗೆ ಹತ್ತಿತು. ಮಗಳು ಸಂಖ್ಯೆ ಹೇಳಿದರೆ ಅಪ್ಪ ಗ್ರೇಡು ಹೇಳುತ್ತಿದ್ದರು. "ಇವನು ಬಾಕ್ಸ್ ತೆರೆಯದ ಮಾಲು ಕಣಮ್ಮ" ಎಂದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಮಗಳ ಆ ನಗು ಕೇಳಿ ಅದೆಷ್ಟೋ ಕಾಲವಾಗಿತ್ತು. ಪಂತ ಮುಗಿದ ಮೇಲೆ ಯಾವ ನೆಪದಲ್ಲಿ ಫೋನು ಮಾಡುವುದೆಂದು ಅವರು ಆಗಲೇ ಚಿಂತಿಸತೊಡಗಿದ್ದರು.

ಟಾಲಿವರ್ ಎಂಬ ಹುಡುಗನ ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳವಾಯಿತು. ಅವನು ಕಾಪಾಡುವ ದಢೂತಿಗಳ ಪೈಕಿ. ಮೊಣಕಾಲಿಗೆ ಆಪರೇಷನ್ ಆಗಿತ್ತು. ಇಶಾ ಅವನನ್ನು ಒಂಬತ್ತಕ್ಕೆ ಇಟ್ಟಳು. ಕೃಷ್ಣಮೂರ್ತಿಗಳ ಮೊಣಕಾಲೂ ಆಪರೇಷನ್ ಆದದ್ದೇ. "ಒಮ್ಮೆ ಬಿಚ್ಚಿ ಸರಿಯಾಗಿ ಜೋಡಿಸಿದ್ದನ್ನ ಜನ ಸುಮ್ಮಸುಮ್ಮನೆ ಕೆಳಗಿಡ್ತಾರೆ. ನಾಲ್ಕಕ್ಕೆ ಇಡ್ತೀನಿ" ಎಂದು ಹಟ ಹಿಡಿದರು. "ನಿನ್ನಿಷ್ಟ, ಬಟ್ ಯೂ ವಿಲ್ ಲೂಸ್" ಎಂದಳು ಮಗಳು.

ಏಳನೇ ಸ್ಥಾನಕ್ಕೆ ಬಂದಾಗ ಇಶಾ ಸ್ವಲ್ಪ ತಡೆದಳು. "ಎವೆರೆಟ್ ಹಾಲ್ವರ್ಸನ್" ಎಂದಳು. "ರಿಸೀವರ್. ಹಿಡಿಯೋ ಕೆಲಸ. ನಾರ್ತ್ ಡಕೋಟಾದವನು. ಯಾರಿಗೂ ಗೊತ್ತಿಲ್ಲ, ಯಾರಿಗೂ ಹೇಳಬೇಡ. ಕೈ ಅಂದ್ರೆ ಏನ್ ಕೈ ಗೊತ್ತಾ? ಇದುವರೆಗೂ ಒಂದೂ ಡ್ರಾಪ್ ಮಾಡಿಲ್ಲ."

ಕೃಷ್ಣಮೂರ್ತಿಗಳು ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಆ ಹೆಸರಿನಲ್ಲಿ ಒಬ್ಬ ಬೋಳುತಲೆಯ ಡಾಕ್ಟರು, ಒಬ್ಬ ಮನೆ ಮಾರುವ ಏಜೆಂಟು, ಒಂದು ಹಳೆಯ ಸಮಾಧಿ ಸಿಕ್ಕವು. ಚೆಂಡು ಹಿಡಿದ ಹುಡುಗ ಸಿಗಲಿಲ್ಲ. ಅವರ ಖುಷಿ ಇಮ್ಮಡಿಯಾಯಿತು. ಇಂಟರ್‌ನೆಟ್ಟಿಗೇ ಗೊತ್ತಿಲ್ಲದ ಹುಡುಗ ಬೀಗರಿಗೆ ಎಲ್ಲಿಂದ ಗೊತ್ತಾಗಬೇಕು?

ಡ್ರಾಫ್ಟಿನ ಹಿಂದಿನ ಭಾನುವಾರ ಇಬ್ಬರೂ ವೀಡಿಯೋ ಕಾಲಿನಲ್ಲಿ ತಮ್ಮ ತಮ್ಮ ಸ್ಥಾನಗಳನ್ನು ಓದಿದರು. ಕಲ್ಮೇಶ ಸಾಕ್ಷಿಗೆ ಕೂತಿದ್ದ. ಮೊದಲು ದೇವೇಂದ್ರಪ್ಪ. ಅವರು ಒಬ್ಬೊಬ್ಬ ಹುಡುಗನಿಗೂ ಇಂಜಿನ್ನು, ಗೇರು, ಮೈಲೇಜು ಹೇಳುತ್ತ ಹೋದರು. ಕೃಷ್ಣಮೂರ್ತಿಗಳ ಎದೆ ಒಂದೊಂದು ಹೆಸರಿಗೂ ಒಂದೊಂದು ಮೆಟ್ಟಿಲು ಇಳಿಯಿತು. ನಾಲ್ಕನೆಯದೊಂದು ಬಿಟ್ಟರೆ ಎಲ್ಲ ತಮ್ಮವೇ ಹೆಸರುಗಳು, ತಮ್ಮದೇ ಸ್ಥಾನಗಳು.

"ಏಳನೇದು, ಹಾಲ್ವರ್ಸನ್ನ. ಎವೆರೆಟ್ ಹಾಲ್ವರ್ಸನ್" ಎಂದರು ದೇವೇಂದ್ರಪ್ಪ.

"ಅವನು ನಿಮಗೆ ಹೇಗೆ ಗೊತ್ತು?" ಕೃಷ್ಣಮೂರ್ತಿಗಳ ಬಾಯಿಂದ ಬಂದೇಬಿಟ್ಟಿತು.

ದೇವೇಂದ್ರಪ್ಪ ಒಂದು ಗಳಿಗೆ ತಡವರಿಸಿದರು. "ನಾನ? ಅವನ್ನ ಹೈಸ್ಕೂಲ್‌ನ್ಯಾಗಿದ್ದಾಗಿಂದ ನೋಡಾಕತ್ತೇನ್ರೀ! ಏನ್ ಓಡ್ತಾನ! ನಿಮಗ ಹೆಂಗ ಗೊತ್ತಾತು?"

"ಅವನ ವೀಡಿಯೋ ನೋಡಿ ನೋಡಿ ನಂಗೆ ಬಾಯಿಪಾಠ ಆಗಿದೆ. ಒಂದು ಸಲ ಮಂಜಲ್ಲಿ ಒಂದೇ ಕೈಲಿ ಹಿಡಿದ ನೋಡಿ!"

"ಹೌದ್ ಹೌದು, ಆ ಮಂಜಿನ ಕ್ಯಾಚು! ಎಡಗೈಲೆ!"

"ಎಡಗೈಲೇ!"

ಹುಟ್ಟದ ಹುಡುಗನ ಹಿಡಿಯದ ಚೆಂಡಿನ ಮೇಲೆ ಇಬ್ಬರೂ ಹೀಗೆ ಬುರುಡೆ ಬಿಡುತ್ತಿದ್ದರೆ, ಕಲ್ಮೇಶ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದ. ಅವನಿಗೆ ಕೆಮ್ಮು ಬಂದಿದೆಯೆಂದು ಇಬ್ಬರೂ ತಿಳಿದರು.

ಎರಡು ಪಟ್ಟಿಗೂ ಇದ್ದ ವ್ಯತ್ಯಾಸ ಟಾಲಿವರ್ ಮತ್ತು ಅವನಿಗಾಗಿ ನಾಲ್ಕರಿಂದ ಒಂಬತ್ತಕ್ಕೆ ಇಳಿದ ಇನ್ನೊಬ್ಬ ಹುಡುಗ, ಅಷ್ಟೇ. ಮಗಳು ಮನೆಗೆ ಬರುವುದು ಒಂದು ರಿಪೇರಿ ಮಾಡಿದ ಮೊಣಕಾಲಿನ ಮೇಲೆ ನಿಂತಿತು.

ಡ್ರಾಫ್ಟಿನ ದಿನ ಕೃಷ್ಣಮೂರ್ತಿಗಳು ರಜೆ ಹಾಕಿ ನೋವೈಗೆ ಹೊರಟರು. ಹಿಂದಿನ ಸೀಟಿನಲ್ಲಿ ಮತ್ತೆ ಅದೇ ದಿಂಬು, ಅದೇ ಕೌದಿ. ಡಿಕ್ಕಿಯಲ್ಲಿ ಕುಟ್ಟಾಣಿ, ಮೆಣಸು, ಮತ್ತು ಕೊನೆಗೂ ಎ ಗ್ರೇಡ್ ಪಡೆದ ಒಂದು ಡಬ್ಬ ಅಂಟಿನುಂಡೆ. ಗೆದ್ದರೆ ದಾರಿಯಲ್ಲಿ ಮಗಳಿಗೆ ತಿನ್ನಲು ಬೇಕು, ಸೋತರೆ ಡಿಕ್ಕಿ ತೆಗೆಯುವುದೇ ಬೇಡ ಎಂದುಕೊಂಡಿದ್ದರು. ಐ-94 ಹೆದ್ದಾರಿಯಲ್ಲಿ ರಸ್ತೆ ರಿಪೇರಿ ಎಂದಿನಂತೆ ಎಲ್ಲ ಕಡೆ ಇತ್ತು.

ಸಂಜೆ ಎಲ್ಲರೂ ದೇವೇಂದ್ರಪ್ಪನವರ ಬೇಸ್‌ಮೆಂಟಿನಲ್ಲಿ ಸೇರಿದರು. ಗುರುದೇವಿ ಗಿರಮಿಟ್ಟು, ಮಿರ್ಚಿ ಮಾಡಿದ್ದರು. ಇಶಾ ಸೋಫಾದಲ್ಲಿ ಕಾಲು ಚಾಚಿ, ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು. ಮೊದಲ ಮೂರು ಹೆಸರುಗಳು ಇಬ್ಬರದೂ ಸರಿಯಾದವು. ನಾಲ್ಕನೆಯ ಸರದಿ ಬಂತು. ವೇದಿಕೆಯ ಮೇಲಿನ ಮನುಷ್ಯ ಚೀಟಿ ನೋಡಿ, "ಟಾಲಿವರ್" ಎಂದ.

ಕೃಷ್ಣಮೂರ್ತಿಗಳು ಎದ್ದು ಕುಣಿದ ರಭಸಕ್ಕೆ ಗಿರಮಿಟ್ಟು ಕಾರ್ಪೆಟ್ಟಿನ ತುಂಬ ಚೆಲ್ಲಿತು. "ಸಿ ಗ್ರೇಡ್ ಅಂದ್ರಲ್ಲ! ನೋಡಿ ಈಗ ನನ್ನ ಸಿ ಗ್ರೇಡ್ ಹುಡುಗನ್ನ!" ಎಂದು ಕೂಗಿದರು. ಹಾಗೆ ಯಾರೂ ಅಂದಿರಲಿಲ್ಲ. ದೇವೇಂದ್ರಪ್ಪ ಮುಖ ಗಂಟು ಹಾಕಿಕೊಂಡರು. ಐದು, ಆರು ಇಬ್ಬರಿಗೂ ತಪ್ಪಿತು. ಈಗ ಏಳು. ಇಬ್ಬರು ಹಿರಿಯರೂ ತಂತಾನೇ ಎದ್ದು ನಿಂತರು.

ವೇದಿಕೆಯಿಂದ ಬೇರೆ ಯಾವುದೋ ಹೆಸರು ಬಂತು.

"ಹಾಲ್ವರ್ಸನ್ ಎಲ್ಲಿ?" ಎಂದರು ಕೃಷ್ಣಮೂರ್ತಿಗಳು.

"ಕಣ್ಣಿಲ್ಲ ಇವರಿಗೆ! ಆ ಮಂಜಿನ ಕ್ಯಾಚು ನೋಡೇ ಇಲ್ಲೇನು ಇವರು?" ಎಂದರು ದೇವೇಂದ್ರಪ್ಪ.

ಸೋಫಾದ ಕಡೆಯಿಂದ ತಟ್ಟೆ ಅಲುಗುವ ಸದ್ದು ಬಂತು. ಇಶಾ ನಗು ತಡೆಯಲಾರದೆ ಕಣ್ಣಲ್ಲಿ ನೀರು ಸುರಿಸುತ್ತಿದ್ದಳು. ಪಕ್ಕದಲ್ಲಿ ಕಲ್ಮೇಶ ದಿಂಬಿನಲ್ಲಿ ಮುಖ ಹುದುಗಿಸಿದ್ದ.

"ಡಾಕ್ಟರ್ ಹಾಲ್ವರ್ಸನ್ ಈಗ ಆಸ್ಪತ್ರೇಲಿ ಯಾರದೋ ಡೆಲಿವರಿ ಮಾಡ್ತಿರ್ತಾರೆ" ಎಂದಳು ಇಶಾ. "ಹಿ ಈಸ್ ಮೈ ಡಾಕ್ಟರ್. ನಿಜವಾಗ್ಲೂ ಇದುವರೆಗೂ ಒಂದೂ ಡ್ರಾಪ್ ಮಾಡಿಲ್ಲ."

ಎರಡೂ ಮನೆಯ ಯಜಮಾನರು ಬಾಲ ಸುಟ್ಟ ಬೆಕ್ಕಿನಂತೆ ನಿಂತಿದ್ದರು. ಮಾವ ಸೀನಿಯರ್ ಕ್ಲಬ್ಬಿನ ಪೂಲ್ ಎಂದು, ಅಪ್ಪ ಆಫೀಸಿನ ಪೂಲ್ ಎಂದು ಒಂದೇ ವಾರದಲ್ಲಿ ಫೋನು ಮಾಡಿದಾಗಲೇ ಅವಳಿಗೆ ವಾಸನೆ ಹತ್ತಿತ್ತು. ಕಲ್ಮೇಶನ ಕಿವಿ ಹಿಂಡಿ ಪಂತದ ಕಥೆ ಹೊರಡಿಸಿ, ಏಳಕ್ಕೆ ತನ್ನ ಡಾಕ್ಟರನ್ನು ಸೇರಿಸಿ ಇಬ್ಬರಿಗೂ ಒಂದೇ ಪಟ್ಟಿ ಬರೆಸಿದ್ದಳು.

"ಏನ್ ಪಂತ?" ಎಂದರು ಗುರುದೇವಿ. ಇಶಾ ಹೇಳಿದಳು. ಗುರುದೇವಿ ಗಂಡನ ಕಡೆ ತಿರುಗಿದ ರೀತಿಗೆ ದೇವೇಂದ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ಅಪ್ಪಾ, ಮಾವಾ, ಒಂದು ಪ್ರಶ್ನೆ" ಎಂದಳು ಇಶಾ. ನಗು ಈಗ ಇರಲಿಲ್ಲ. "ಇಷ್ಟು ಹುಡುಗರನ್ನ ರ‍್ಯಾಂಕ್ ಮಾಡಿದ್ರಿ. ನನಗೆ ಏನು ಬೇಕು ಅಂತ ಕೇಳೋದು ನಿಮ್ಮ ಲಿಸ್ಟಲ್ಲಿ ಎಷ್ಟನೇದಾಗಿತ್ತು?"

ಕೃಷ್ಣಮೂರ್ತಿಗಳಿಗೆ ನಾಚಿಕೆಯಾಯಿತು. ಒಂದಂಕದಿಂದ ಮುಂದಿದ್ದರು, ಬೀಗರ ಒಂಬತ್ತನೆಯವನು ಆಗಲೇ ಹೋಗಿದ್ದರಿಂದ ಗೆಲುವೂ ಖಚಿತವಾಗಿತ್ತು, ಆದರೆ ಅಂಕದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಡಾಕ್ಟರು ಇಲ್ಲಿಯವರು, ಎಂಟನೇ ತಿಂಗಳು, ಇಷ್ಟು ದೂರದ ಪ್ರಯಾಣ ಹೇಗೂ ಆಗದು. ದಿಂಬು, ಕೌದಿ ಹಾಗೇ ವಾಪಸು ಹೋಗಬೇಕು. ಮಂಜರಿ ಇದ್ದಿದ್ದರೆ ಈ ದಡ್ಡತನವೇ ಆಗುತ್ತಿರಲಿಲ್ಲ ಎನಿಸಿತು.

"ಸೋ, ಈಗ ನನ್ನ ಸರದಿ" ಎಂದು ಇಶಾ ಕಷ್ಟಪಟ್ಟು ಎದ್ದು ನಿಂತಳು. ಟೀವಿಯಲ್ಲಿನ ಮನುಷ್ಯನ ಹಾಗೇ ಒಂದು ಪೇಪರ್ ನ್ಯಾಪ್ಕಿನ್ನನ್ನು ಚೀಟಿಯಂತೆ ಹಿಡಿದಳು. "ಬಾಣಂತನ ನನ್ನ ಮನೇಲಿ. ಎರಡು ಬೀದಿ ಆಚೆ. ಮೂರನೇ ಪಿಕ್, ದೇವೇಂದ್ರ ಮಾವ, ಡೈಪರ್. ಎರಡನೇ ಪಿಕ್, ಗುರುದೇವಿ ಅತ್ತೆ. ಮಗೂಗೆ, ನನಗೆ ಎಣ್ಣೆ ನೀರು. ಅದರಲ್ಲಿ ಅವರನ್ನ ಬಿಟ್ರೆ ಇಲ್ಲ."

ಸುಪ್ರೀಂ ಕೋರ್ಟು ತಲೆಯಾಡಿಸಿತು.

"ಫಸ್ಟ್ ಪಿಕ್" ಎಂದಳು ಇಶಾ. ನ್ಯಾಪ್ಕಿನ್ನನ್ನು ಇನ್ನೊಮ್ಮೆ ಬಿಡಿಸಿದಳು. "ಕೃಷ್ಣಮೂರ್ತಿ, ಬೋಲಿಂಗ್‌ಬ್ರೂಕ್, ಇಲಿನಾಯ್. ವಯಸ್ಸು ಅರವತ್ತೊಂದು. ಮೊಣಕಾಲು ರಿಪೇರಿ ಆಗಿದೆ. ಬಾಣಂತನದ ಅನುಭವ ಸೊನ್ನೆ. ಬಟ್ ದಿನಾ ಸಂಜೆ ಫೋನಲ್ಲಿ ಕುಟ್ಟಾಣಿ ಸದ್ದು ಕೇಳ್ತಿತ್ತು. ಅಮ್ಮನ ಕುಟ್ಟಾಣಿ ಸದ್ದು ನಂಗೆ ಗೊತ್ತಿಲ್ವಾ, ಅಪ್ಪಾ? ಅಡುಗೆಗೆ ನೀನೇ ಬಾ. ರಜೆ ಹಾಕು."

ದೇವೇಂದ್ರಪ್ಪ ತಮ್ಮ ತಲೆಯ ಮೇಲಿದ್ದ ಲಯನ್ಸಿನ ನೀಲಿ ಟೋಪಿ ತೆಗೆದು ಬೀಗರ ತಲೆಗೆ ಇಟ್ಟರು. "ಪಿಕ್ ಆದವರು ಟೋಪಿ ಹಾಕ್ಕೋಬೇಕ್ರೀ, ರೂಲ್ಸ್ ಐತಿ" ಎಂದರು. ಶಿಕಾಗೋದ ಕೃಷ್ಣಮೂರ್ತಿಗಳು ಅದನ್ನು ಕೆಳಗಿಳಿಸಲಿಲ್ಲ, ತಿರುಗಿಸಿ ತಳವನ್ನೂ ನೋಡಲಿಲ್ಲ.

"ಖಾರ ಕುಟ್ಟಾಕ ನನ್ನ ಮಿಕ್ಸರ್ ಐತಿ, ಬೀಗರ" ಎಂದರು ಗುರುದೇವಿ, ಇದ್ದುದರಲ್ಲಿ ಮೆತ್ತಗೆ.

"ಮಿಕ್ಸರಲ್ಲಿ ಆಗಲ್ಲಮ್ಮ ಅದು" ಎಂದು ಕೃಷ್ಣಮೂರ್ತಿಗಳು ಕಣ್ಣೊರೆಸಿಕೊಂಡು, ಕಾರಿನ ಡಿಕ್ಕಿ ತೆಗೆಯಲು ಮೆಟ್ಟಿಲು ಹತ್ತಿದರು.